ಬಡಿಸುವವರೇ ಒಡೆಯರಾದ ಕಾಫಿ ಮನೆ

ಕೆಲವು ವರ್ಷಗಳ ಹಿಂದೆ ಉಪನ್ಯಾಸವೊಂದರ ನಿಮಿತ್ತ ಬೆಂಗಳೂರಿಗೆ ಹೋಗಿದ್ದಾಗ, ನಮ್ಮ ಶಿಷ್ಯರೊಬ್ಬರು ನಮ್ಮನ್ನು ಚರ್ಚ್ ಸ್ಟ್ರೀಟಿನ ಇಂಡಿಯನ್ ಕಾಫಿ ಹೌಸಿಗೆ ಕರೆದುಕೊಂಡು ಹೋದರು. ಅಲ್ಲಿ ಮೊಟ್ಟೆ, ಮಾಂಸದ ಪದಾರ್ಥಗಳೂ ದೊರೆಯುವುದೆಂದು ಮೊದಲೇ ತಿಳಿದಿದ್ದುದರಿಂದ ನಾವು ತುಸು ಹಿಂಜರಿದೆವು. ಒಂದು ಬಟ್ಟಲು ಕಾಫಿಯಾದರೂ ಸ್ವೀಕರಿಸಿರೆಂದು ಅವರು ಒತ್ತಾಯಿಸಿದಾಗ ಒಳಹೊಕ್ಕೆವು.

ಗೋಡೆಗಳ ಮೇಲೆ ಕಾಫಿ ಮಂಡಳಿಯ ಹಳೆಯ ಜಾಹೀರಾತು ಚಿತ್ರಗಳು. ಅಲಂಕಾರವೆನ್ನುವಂಥದು ಬೇರೇನೂ ಇಲ್ಲ. ಕಾಫಿ ತಂದವರು ಬಿಳಿಯ ಉಡುಪು ಧರಿಸಿ, ಅಗಲವಾದ ಸೊಂಟಪಟ್ಟಿ ಕಟ್ಟಿ, ಬೀಸಣಿಗೆಯಂತೆ ಮೇಲೆದ್ದ ಗರಿಯ ಪೇಟ ತೊಟ್ಟಿದ್ದರು. ಪಕ್ಕದ ಮೇಜಿನಲ್ಲಿ ನಿವೃತ್ತರೊಬ್ಬರು ಪತ್ರಿಕೆಯ ಒಂದೊಂದು ಅಕ್ಷರವನ್ನೂ ಓದುತ್ತಿದ್ದರು. ಅವರನ್ನು ಏಳಿಸುವ ಆತುರ ಯಾರಿಗೂ ಇರಲಿಲ್ಲ. ಕಾಫಿ ಹದವಾಗಿತ್ತು. ಮೆಚ್ಚುಗೆಯ ಎರಡು ಮಾತನ್ನು ಸಲ್ಲಬೇಕಾದವರಿಗೆ ಸಲ್ಲಿಸೋಣವೆಂದು, ಬಡಿಸಿದವರನ್ನೇ ಕರೆದು, "ಇದರ ಮಾಲೀಕರು ಎಲ್ಲಿದ್ದಾರಪ್ಪಾ?" ಎಂದು ಕೇಳಿದೆವು.

ಅವರು ನಕ್ಕರು. "ಮಾಲೀಕರು ಅಂತ ಬೇರೆ ಯಾರೂ ಇಲ್ಲ ಸ್ವಾಮಿ. ಇದು ಕೆಲಸಗಾರರ ಸಂಘ. ನಾನೂ ಒಬ್ಬ ಸದಸ್ಯ" ಎಂದರು.

ಜೀವಮಾನವೆಲ್ಲ ಕಾಯಕತತ್ತ್ವವನ್ನು ಕುರಿತು ಮಾತನಾಡಿದ ನಮ್ಮ ಬಾಯಿಂದ ಆ ಪ್ರಶ್ನೆ ಹೊರಟಿತಲ್ಲಾ ಎಂದು ನಾಚಿಕೆಯಾಯಿತು. ಪೇಟ ತೊಟ್ಟು ತಟ್ಟೆ ಹಿಡಿದವನು ಆಳು, ಒಡೆಯನು ಮತ್ತೆಲ್ಲೋ ಕುಳಿತಿರುತ್ತಾನೆ ಎಂಬ ಎಣಿಕೆ ನಮ್ಮೊಳಗೆ ಅಷ್ಟು ಗಟ್ಟಿಯಾಗಿ ಬೇರೂರಿತ್ತು.

ಈ ಮನೆಯ ಹಿಂದಿನ ಕಥೆಯನ್ನು ಓದುಗರು ತಿಳಿಯತಕ್ಕದ್ದು. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ನಮ್ಮ ಕಾಫಿಗೆ ಪರದೇಶದ ಬೆಲೆ ಕುಸಿಯಿತು. ದೇಶದೊಳಗೇ ಕಾಫಿ ಕುಡಿಯುವ ರೂಢಿಯನ್ನು ಬೆಳೆಸಬೇಕೆಂದು 1935ರಲ್ಲಿ ಕಾಫಿ ಸೆಸ್ ಸಮಿತಿ ಏರ್ಪಟ್ಟಿತು. ಮರುವರ್ಷ ಮುಂಬಯಿಯ ಚರ್ಚ್‌ಗೇಟಿನಲ್ಲಿ 'ಇಂಡಿಯಾ ಕಾಫಿ ಹೌಸ್' ತೆರೆಯಿತು. ಅನಂತರ ಕಾಫಿ ಮಂಡಳಿಯ ಆಡಳಿತದಲ್ಲಿ ಇಂಥ ಮನೆಗಳು ಹಲವು ನಗರಗಳಿಗೆ ಹಬ್ಬಿದವು. 1950ರ ದಶಕದ ನಡುವೆ ಮಂಡಳಿಯು ಇವುಗಳನ್ನು ಮುಚ್ಚಲು ನಿರ್ಧರಿಸಿತು. ವರ್ಷಗಟ್ಟಲೆ ಕಾಫಿ ಕಾಸಿ, ಬಡಿಸಿ, ಬಟ್ಟಲು ತೊಳೆದವರು ಬೀದಿಗೆ ಬೀಳುವ ಹೊತ್ತು ಬಂದಿತು.

ಆಗ ಅವರ ಬೆನ್ನಿಗೆ ನಿಂತವರು ಕೇರಳದ ಎ.ಕೆ. ಗೋಪಾಲನ್. ಅವರು ಕಮ್ಯುನಿಸ್ಟ್ ನಾಯಕರು, ಲೋಕಸಭೆಯ ಸದಸ್ಯರು. ಅವರ ಪಕ್ಷದ ಸಿದ್ಧಾಂತಕ್ಕೂ ನಮ್ಮ ನಂಬಿಕೆಗೂ ಬಹುದೂರ. ಆದರೆ ಒಳ್ಳೆಯ ಕೆಲಸವನ್ನು ಒಳ್ಳೆಯದೆನ್ನಲು ಅದು ಅಡ್ಡಿಯಾಗಬಾರದು. ಮುಚ್ಚುವ ಮನೆಗಳನ್ನು ಕೆಲಸಗಾರರಿಗೇ ವಹಿಸಿಕೊಡಿ, ಅವರೇ ಸಹಕಾರ ಸಂಘ ಕಟ್ಟಿ ನಡೆಸಲಿ ಎಂಬುದು ಅವರ ಹವಣು. ಹಾಗೆ ಹುಟ್ಟಿದ ಮೊಟ್ಟಮೊದಲ ಸಂಘ ನಮ್ಮ ಬೆಂಗಳೂರಿನದು. 1957ರ ಆಗಸ್ಟ್ 19ರಂದು ಅದು ಸ್ಥಾಪನೆಯಾಯಿತು. ಅದೇ ವರ್ಷದ ಕೊನೆಯಲ್ಲಿ ದೆಹಲಿ, ಮುಂದಿನ ವರ್ಷ ತ್ರಿಶೂರು ಈ ದಾರಿ ಹಿಡಿದವು. 'ಇಂಡಿಯಾ' ಹೋಗಿ 'ಇಂಡಿಯನ್' ಬಂದಿತು. ಹೆಸರಿನಲ್ಲಿ ಬದಲಾದದ್ದು ಇಷ್ಟೇ. ಉಡುಪೂ ಬದಲಾಗಲಿಲ್ಲ. ಪರಂಗಿಯವರ ಕಾಲದ ಆ ಆಳಿನ ವೇಷವನ್ನು ಒಡೆತನ ಬಂದ ಮೇಲೆಯೂ ಇವರು ಕಳಚದೆ ಉಳಿಸಿಕೊಂಡರಲ್ಲಾ ಎಂಬುದು ನಮಗೆ ಬಹಳ ಹೊತ್ತು ಸೋಜಿಗವಾಗಿಯೇ ಕಾಡಿತು.

ಬೆಂಗಳೂರಿನ ಹಳಬರು ಬಲ್ಲ ಕಾಫಿ ಮನೆ ಇದ್ದುದು ಮಹಾತ್ಮಾ ಗಾಂಧಿ ರಸ್ತೆಯಲ್ಲಿ. ಅಲ್ಲಿ ಕುಳಿತು ಹರಟಿದ ಬರಹಗಾರರೆಷ್ಟೋ, ವಿದ್ಯಾರ್ಥಿಗಳೆಷ್ಟೋ! 2009ರ ಏಪ್ರಿಲ್‌ನಲ್ಲಿ ಆ ಬಾಡಿಗೆಯ ಕಟ್ಟಡವನ್ನು ಬಿಡಬೇಕಾಯಿತು. ಅನಂತರ ಸಮೀಪದ ಚರ್ಚ್ ಸ್ಟ್ರೀಟಿನಲ್ಲಿ ಅದು ಮತ್ತೆ ಬಾಗಿಲು ತೆರೆಯಿತು. ಸುತ್ತಮುತ್ತ ನೂರಾರು ರೂಪಾಯಿಯ ಕಾಫಿ ಮಾರುವ ಹೊಳಪಿನ ಅಂಗಡಿಗಳು ಎದ್ದಿದ್ದರೂ ಇವರು ದರವನ್ನು ಬಡ ವಿದ್ಯಾರ್ಥಿಯ ಕೈಗೆಟುಕುವಂತೆಯೇ ಇಟ್ಟಿದ್ದರು. ಇದನ್ನು ಕೇಳಿ ನಮಗೆ ಆಯ್ದಕ್ಕಿ ಲಕ್ಕಮ್ಮನ ನೆನಪಾಯಿತು. ಗಂಡ ಮಾರಯ್ಯನು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಮಿಕ್ಕಿದ್ದನ್ನು ಅಲ್ಲಿಯೇ ಸುರಿದು ಬಾ ಎಂದು ಹಿಂದಿರುಗಿಸಿದ ತಾಯಿ ಅವಳು.

ಹೋಲಿಕೆಯನ್ನು ಬಹುದೂರ ಎಳೆಯಲಾರೆವು. ಇವರದು ವ್ಯಾಪಾರ, ಶರಣರದು ಲಿಂಗಾರ್ಪಿತವಾದ ಬದುಕು. ಆದರೂ ಒಂದು ಮಾತು. ಕಾಯಕದ ಹಿರಿಮೆಯನ್ನು ವೇದಿಕೆಯಿಂದ ಸಾರುವ ನಾವು, ನಮ್ಮ ಅಂಗಡಿ, ಹೊಲ, ಪ್ರಸಾದನಿಲಯಗಳಲ್ಲಿ ದುಡಿಯುವವರಿಗೆ ಆ ದುಡಿಮೆಯಲ್ಲಿ ಪಾಲೆಷ್ಟು, ಮಾತೆಷ್ಟು ಕೊಟ್ಟಿದ್ದೇವೆ? ಪಾಲಿಲ್ಲದ ದುಡಿಮೆಗೆ ಕಾಯಕವೆಂಬ ಹೆಸರಿಟ್ಟು ಹೊಗಳಿದ ಉಪನ್ಯಾಸಗಳು ನಮ್ಮ ಲೆಕ್ಕದಲ್ಲಿಯೂ ಇವೆ. ಅಂದು ಸಂಜೆ ಮಾಡಬೇಕಾಗಿದ್ದ ಉಪನ್ಯಾಸದ ವಿಷಯವೂ ಕಾಯಕವೇ ಆಗಿತ್ತು. ಬರೆದು ತಂದ ಹಾಳೆಗಳಲ್ಲಿ ಎರಡನ್ನು ನಾವು ಅಲ್ಲಿಯೇ ಮಡಿಸಿ ಚೀಲದಲ್ಲಿಟ್ಟೆವು.

ಹೊರಡುವಾಗ ಆ ಹಿರಿಯ ನೌಕರರಿಗೆ ಕೈಮುಗಿದು, "ನಿಮ್ಮ ಮನೆಯ ಕಾಫಿ ಚೆನ್ನಾಗಿತ್ತು" ಎಂದೆವು. ಅವರು ಪೇಟವನ್ನು ಸರಿಪಡಿಸಿಕೊಂಡು ನಮಸ್ಕರಿಸಿ, ನಮ್ಮ ಬಟ್ಟಲುಗಳನ್ನು ಎತ್ತಿ, ಮೇಜು ಒರೆಸಿ, ಬಾಗಿಲಲ್ಲಿ ಕಾಯುತ್ತಿದ್ದ ಇಬ್ಬರು ಹುಡುಗಿಯರನ್ನು ಕೂಡಲು ಕರೆದರು.