ಬೇಸ್ ಡೈರಿ, ಭಾಗ 4: ಓವರ್‌ಡ್ರೈವಾ, ಫಝ್ಝಾ?

ಹೋದ ಭಾಗ ಹಾಕಿದ ಮೇಲೆ ಬಂದ ಡಿಎಂಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ. ಬೇಸ್‌ಗೆ ಯಾವ ಪೆಡಲ್ ತಗೊಳ್ಳಲಿ? ಒಂದು ಹೆಸರು ಹೇಳಿ ಮುಗಿಸಬಹುದಿತ್ತು. ಆದ್ರೆ ನಾನು ಮೊದಲು ತಪ್ಪು ಪೆಡಲ್ ತಗೊಂಡವ, ಆ ಕಥೆನೇ ನಿಮಗೆ ಹೆಚ್ಚು ಉಪಯೋಗ. ಉದ್ದ ಇದೆ, ಸೇವ್ ಮಾಡ್ಕೊಂಡು ಬಸ್ಸಲ್ಲಿ ಓದಿ.

ನಮ್ಮ ಬ್ಯಾಂಡಲ್ಲಿ ಗಿಟಾರ್ ಒಂದೇ. ಅವನು ಸೋಲೋ ಶುರು ಮಾಡಿದ ಕೂಡ್ಲೇ ಹಿಂದೆ ಎಲ್ಲ ಖಾಲಿ ಖಾಲಿ. ಆ ಜಾಗ ತುಂಬಬೇಕಾದ್ರೆ ನನ್ನ ಬೇಸ್ ಸ್ವಲ್ಪ ಗರಗರ ಅನ್ನಬೇಕು. ರಜೆಯಲ್ಲಿ ದೇವಬಾಗದ ಬೀಚಲ್ಲಿ ಪ್ರವಾಸಿಗರಿಗೆ ಲೈಫ್ ಜಾಕೆಟ್ ಕಟ್ಟಿ ಕಟ್ಟಿ 6,500 ರೂಪಾಯಿ ಉಳಿಸಿದ್ದೆ. ಅಷ್ಟರಲ್ಲಿ ನಮ್ಮ ಗಿಟಾರಿನವ ತನ್ನ ಹಳೇ ಹಸಿರು ಓವರ್‌ಡ್ರೈವ್ ಕೊಡ್ತೇನೆ ಅಂದ, 2,000ಕ್ಕೆ. ಟ್ಯೂಬ್ ಸ್ಕ್ರೀಮರ್‌ದೇ ನಕಲು. ಅವನ ಗಿಟಾರಲ್ಲಿ ಎಷ್ಟು ಚೆಂದ ಕೇಳಿಸ್ತಿತ್ತು ಅಂದ್ರೆ, ನಾನು ಬೇಸ್ ಹಾಕಿ ನೋಡದೆನೇ ದುಡ್ಡು ಕೊಟ್ಟೆ. ಬಿಕಾಂ ಓದ್ತೇನೆ ಅಂತ ಹೇಳ್ಕೊಳ್ಳೋಕೂ ನಾಚಿಕೆ.

ಈಗ ಪಪ್ಪನ ವಿಷಯ ಹೇಳ್ಬೇಕು. ಇಪ್ಪತ್ತು ವರ್ಷದ ಮೇಲಾಯ್ತು, ಬೈತಖೋಲ ಬಂದರಿನಿಂದ ಹೋಗೋ ಟ್ರಾಲರ್‌ಗಳಲ್ಲಿ ಇಂಜಿನ್ ಪಕ್ಕದಲ್ಲೇ ಅವರ ಕೆಲಸ. ಕಿವಿ ಹೋಗ್ತಾ ಬಂದಿದೆ. ಅಂಥ ಗದ್ದಲ ಮೊದಲು ತಿನ್ನೋದು ಸಣ್ಣ, ಚೂಪಾದ ಸದ್ದುಗಳನ್ನ. ಮೊಬೈಲ್ ರಿಂಗು, ಕುಕ್ಕರ್ ಸೀಟಿ, ಅಡುಗೆಮನೆಯಿಂದ ಅಮ್ಮ ಕರೆಯೋದು, ಇವು ಯಾವುದೂ ಅವರಿಗೆ ಮುಟ್ಟೋದಿಲ್ಲ. ನಾನು ಹಾಡು ಹಾಕಿದ್ರೆ ಅವರಿಗೆ ಅರ್ಧ ಹಾಡೇ ಇರೋದಿಲ್ಲ. ಆದ್ರೆ ಬೇಸ್ ಮುಟ್ತದೆ. ಜಗಲಿಯಲ್ಲಿ ಬಲೆ ರಿಪೇರಿ ಮಾಡ್ತಾ ಕೂತಾಗ ನಾನು ಒಳಗೆ ನುಡಿಸಿದ್ರೆ ಅವರ ಕಾಲ್ಬೆರಳು ತಾಳ ಹಾಕ್ತಿರ್ತದೆ. ನಮ್ಮ ಮನೇಲಿ "ಸಾಕು, ನಿಲ್ಸು" ಅಂತ ಹೇಳದೇ ಇರೋ ಒಬ್ಬರೇ ಒಬ್ಬರು ಅವರು.

ಆ ಸಂಜೆ ಹಸಿರು ಪೆಡಲ್ ತುಳಿದೆ. ನಂಗೇನೋ ಸೂಪರ್ ಅನ್ನಿಸ್ತು. ಎರಡು ನಿಮಿಷ ಆದ್ಮೇಲೆ ಪಪ್ಪ ಹೊರಗಿಂದ ಕೇಳಿದ್ರು, "ಯಾಕೆ ನಿಲ್ಸಿದೆ?"

ನಾನು ನಿಲ್ಸಿರ್ಲೇ ಇಲ್ಲ.

ಯಾಕೆ ಹೀಗಾಯ್ತು ಅಂತ ಹುಡುಕೋಕೆ ಒಂದು ವಾರ ಹೋಯ್ತು. ಗಿಟಾರಿನ ಅತೀ ಕೆಳಗಿನ ತಂತಿ 82 ಹರ್ಟ್ಜ್, ಬೇಸ್‌ದು 41. ಟ್ಯೂಬ್ ಸ್ಕ್ರೀಮರ್ ಸರ್ಕ್ಯೂಟಿನಲ್ಲಿ ಸುಮಾರು 720 ಹರ್ಟ್ಜ್‌ಗಿಂತ ಕೆಳಗೆ ಇಳಿದ ಹಾಗೆ ಗೇನ್ ಕಡಿಮೆ ಆಗ್ತಾ ಹೋಗ್ತದೆ. ಮಧ್ಯದ ಸದ್ದು ಮುಂದೆ ಬರ್ತದೆ, ತಳದ್ದು ಹಿಂದೆ ಉಳೀತದೆ. ಗಿಟಾರಿಗೆ ಅದು ಬೇಕಾದದ್ದೇ, ಇಲ್ಲಾಂದ್ರೆ ಸದ್ದು ಕೆಸರಾಗ್ತದೆ. ನನಗೆ ಆ ಕೆಸರೇ ಊಟ! ರೂಮಲ್ಲಿ ಒಬ್ಬನೇ ನುಡಿಸುವಾಗ ಆ ಮಧ್ಯದ ಗರಗರಕ್ಕೆ ಮರುಳಾಗಿ ತಳ ತೆಳ್ಳಗಾದದ್ದು ನಂಗೆ ಗೊತ್ತೇ ಆಗಿರ್ಲಿಲ್ಲ. ಪಪ್ಪನಿಗೆ ಉಳಿದಿದ್ದದ್ದೇ ತಳ, ಹಾಗಾಗಿ ತಕ್ಷಣ ಗೊತ್ತಾಯ್ತು.

ಹಾಗಾದ್ರೆ ಫಝ್? ನಂಗೆ ಅದರ ಹುಟ್ಟಿನ ಕಥೆ ತುಂಬಾ ಇಷ್ಟ. 1961ರಲ್ಲಿ ಹೊರಬಂದ ಮಾರ್ಟಿ ರಾಬಿನ್ಸ್ ಹಾಡೊಂದಕ್ಕೆ ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ನಡೆದ ರೆಕಾರ್ಡಿಂಗ್‌ನಲ್ಲಿ ಗ್ರೇಡಿ ಮಾರ್ಟಿನ್ ಆರು ತಂತಿಯ ಬೇಸ್ ನುಡಿಸ್ತಿದ್ದಾಗ ಮಿಕ್ಸರಿನ ಒಂದು ಚಾನೆಲ್ ಕೆಟ್ಟು ಸದ್ದು ಹರಿದುಹೋಯ್ತು. ಅದನ್ನ ಹಾಗೇ ಇಟ್ಕೊಂಡ್ರು. ಅದೇ ಸದ್ದನ್ನ ಪೆಟ್ಟಿಗೆಗೆ ತುಂಬಿ 1962ರಲ್ಲಿ ಮಾಯೆಸ್ಟ್ರೋ ಫಝ್‌ಟೋನ್ ಬಂತು. ಅಂದ್ರೆ ಫಝ್ ಹುಟ್ಟಿದ್ದೇ ಬೇಸ್ ಮೇಲೆ, ಗಿಟಾರಿನವರು ಆಮೇಲೆ ಎತ್ಕೊಂಡು ಹೋದ್ರು. (ಇದನ್ನ ನಮ್ಮವನಿಗೆ ಟ್ಯಾಗ್ ಮಾಡ್ತಿದ್ದೇನೆ.)

ವ್ಯತ್ಯಾಸ ಸರಳ. ಓವರ್‌ಡ್ರೈವ್ ಅಲೆಯ ತಲೆಯನ್ನ ಮೆತ್ತಗೆ ದುಂಡು ಮಾಡ್ತದೆ. ಮೆಲ್ಲ ಮೀಟಿದ್ರೆ ಸ್ವಚ್ಛ, ಜೋರಾಗಿ ಮೀಟಿದ್ರೆ ಗರಗರ, ಬೆರಳಿನ ಮಾತು ಕೇಳ್ತದೆ. ಫಝ್ ಕತ್ತಿಯಲ್ಲಿ ಕಡಿದ ಹಾಗೆ ತಲೆಯನ್ನೇ ಹಾರಿಸ್ತದೆ. ಮೆಲ್ಲ ಮೀಟು, ಜೋರಾಗಿ ಮೀಟು, ಹೆಚ್ಚುಕಮ್ಮಿ ಒಂದೇ ಗೋಡೆ. ಒಂದು ಹಾಡಿಗೆ ಮಜಾ. ಇಡೀ ಸಂಜೆ ಆದ್ರೆ ಡ್ರಮ್ಮರ್ ಕೋಲು ಎಸೀತಾನೆ.

ಇನ್ನೊಂದು ವಿಷಯ ಯಾರೂ ಹೇಳೋದಿಲ್ಲ. ನಮ್ಮ ಕಡೆ ಕಾರ್ಯಕ್ರಮಗಳಲ್ಲಿ ಬೇಸ್ ಆ್ಯಂಪ್ ಇರೋದಿಲ್ಲ. ಸೌಂಡಿನವರು ವೈರ್ ಎಳೆದು ಸೀದಾ ಮಿಕ್ಸರಿಗೆ ಹಾಕ್ತಾರೆ. ಆ್ಯಂಪಿನ ದೊಡ್ಡ ಸ್ಪೀಕರ್ ಮೇಲಿನ ಚರಚರವನ್ನ ತಾನೇ ನುಂಗ್ತಿರ್ತದೆ. ಮಿಕ್ಸರಿಗೆ ಸೀದಾ ಹೋದ್ರೆ ಅದೆಲ್ಲ ಹಾಗೇ ಹೊರಗೆ. ಒಮ್ಮೆ ಗೆಳೆಯನ ಫಝ್ ಹಾಗೆ ಹಾಕಿದ್ದೆ. ಮುಂದಿನ ಸಾಲಲ್ಲಿ ಕೂತಿದ್ದ ಒಬ್ಬ ಅಜ್ಜಿ ಮೈಕ್ ಕೆಟ್ಟಿದೆ ಅಂತ ಎದ್ದು ಹೋಗಿ ಹೇಳಿ ಬಂದ್ರು.

ಹಾಗಾಗಿ ಈ ಸಲ ಬೇಸನ್ನೇ ಹೆಗಲಿಗೆ ಹಾಕ್ಕೊಂಡು ರೈಲಲ್ಲಿ ಮಡಗಾಂವ್‌ಗೆ ಹೋದೆ. ಒಂದೇ ಒಂದು ವಿಷಯ ನೋಡ್ಬೇಕು ಅಂತ ತೀರ್ಮಾನಿಸಿದ್ದೆ. ಸ್ವಚ್ಛ ಸದ್ದನ್ನ ಪಕ್ಕದಲ್ಲಿ ಹಾಗೇ ಬಿಟ್ಟು, ಒಡೆದ ಸದ್ದನ್ನ ಅದರ ಮೇಲೆ ಬೆರೆಸೋ ಗುಂಡಿ ಇದೆಯಾ? ಬಾಸ್ ಓಡಿಬಿ-3ರಲ್ಲಿ ಅದಕ್ಕೆ ಬ್ಯಾಲೆನ್ಸ್ ಅಂತಾರೆ, ಸ್ಯಾನ್ಸ್‌ಆ್ಯಂಪ್ ಬೇಸ್ ಡ್ರೈವರ್‌ನಲ್ಲಿ ಬ್ಲೆಂಡ್. ಬೇಸ್ ಬಿಗ್ ಮಫ್ ಫಝ್ಝಿಗೂ ಡ್ರೈ ಅನ್ನೋ ಸ್ವಿಚ್ ಇದೆ. ಬಿಗ್ ಮಫ್ ತುಳಿದಾಗ ಮೈ ಜುಮ್ ಅಂತು, ಸುಳ್ಳು ಹೇಳೋದಿಲ್ಲ. ಐದು ನಿಮಿಷ ಅದರ ಮೇಲಿಂದ ಕಾಲೇ ತೆಗೀಲಿಲ್ಲ. ಆದ್ರೆ ನನಗೆ ಸಿಕ್ಕೋ ಕಾರ್ಯಕ್ರಮಗಳಲ್ಲಿ ಹತ್ತಕ್ಕೆ ಒಂಬತ್ತು ಹಾಡಿಗೆ ಅದು ಕೆಲಸಕ್ಕೆ ಬರೋದಿಲ್ಲ. ಜೇಬಲ್ಲಿ 4,500. ಸೆಕೆಂಡ್ ಹ್ಯಾಂಡ್ ಓಡಿಬಿ-3ಯನ್ನೇ ತಗೊಂಡೆ. ಹೈ ಗುಂಡಿ ಪೂರ್ತಿ ಇಳಿಸಿ, ಗೇನ್ ಕಾಲು ಭಾಗ, ಬ್ಯಾಲೆನ್ಸ್ ಅರ್ಧಕ್ಕಿಂತ ಕಡಿಮೆ. ಇಂಟರ್ನೆಟ್ಟಲ್ಲಿ ಅದನ್ನ ಬೈಯೋರು ಬೇಕಾದಷ್ಟು ಜನ ಇದ್ದಾರೆ, ಬಹುಶಃ ಎಲ್ಲಾ ಗುಂಡಿ ಪೂರ್ತಿ ತಿರುಗಿಸಿ ನೋಡಿದವರು.

ಸಮುದ್ರದ ಪಕ್ಕ ಇರೋರಿಗೆ ಒಂದು ಮಾತು. ಉಪ್ಪುಗಾಳಿಗೆ ಜ್ಯಾಕ್, ಗುಂಡಿ ಎಲ್ಲ ಕರಕರ ಅನ್ನೋಕೆ ಶುರು ಮಾಡ್ತವೆ. ಶೂ ಡಬ್ಬಿಯಲ್ಲಿ ಬರೋ ಸಿಲಿಕಾ ಪೊಟ್ಟಣ ಬಿಸಾಡ್ಬೇಡಿ, ಪೆಡಲ್ ಜೊತೆ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಹಾಕಿಡಿ. ನುಡಿಸದ ದಿನ ಒಳಗಿನ 9 ವೋಲ್ಟ್ ಬ್ಯಾಟರಿ ತೆಗೆದಿಡಿ.

ಆ ರಾತ್ರಿ ಮನೆಗೆ ಬಂದವನೇ ಊಟಕ್ಕೂ ಮುಂಚೆ ಹಚ್ಚಿದೆ. ಪಪ್ಪ ಜಗಲಿಯಲ್ಲೇ ಇದ್ರು. ಮೊದಲು ಪೆಡಲ್ ಇಲ್ಲದೆ ಎಂಟು ಸುತ್ತು, ಆಮೇಲೆ ತುಳಿದೆ. ಬಾಗಿಲ ಸಂದಿಯಿಂದ ಅವರ ಕಾಲು ನೋಡ್ತಾ ಇದ್ದೆ. ಬೆರಳು ನಿಲ್ಲಲಿಲ್ಲ. ಸ್ವಲ್ಪ ಹೊತ್ತಿಗೆ ಬಲೆ ಬದಿಗಿಟ್ಟು ಒಳಗೆ ಬಂದು ಆ್ಯಂಪಿನ ಮೇಲೆ ಅಂಗೈ ಇಟ್ಟು ನಿಂತ್ರು.

"ಇದು ನಮ್ಮ ಹಳೇ ಬೋಟಿನ ಹಾಗೇ ಉಂಟಲ್ಲ" ಅಂದ್ರು. ಆಮೇಲೆ, "ಎಷ್ಟು ಕೊಟ್ಟೆ?"

2,000 ಅಂದೆ. ಅಮ್ಮ, ನೀನು ಇದನ್ನ ಓದ್ತಿದ್ರೆ ದಯವಿಟ್ಟು ಹೇಳ್ಬೇಡ.

ಹಸಿರು ಪೆಡಲ್ ಇನ್ನೂ ಇದೆ. ಗಿಟಾರ್ ನುಡಿಸೋರಿಗೆ 1,500ಕ್ಕೆ ಕೊಡ್ತೇನೆ, ಡಿಎಂ ಮಾಡಿ. ಬೇಸ್‌ನವರು ಕೇಳ್ಬೇಡಿ.