ಶರಬತ್ತಿನ ಲೋಟ

ಬೆಳಿಗ್ಗೆ ಇನ್ಸುಲಿನ್ ಚುಚ್ಚಿಕೊಳ್ಳುವಾಗ ಐದು ವರ್ಷದ ಮಗಳು ಪಕ್ಕದಲ್ಲಿ ನಿಂತು ತನ್ನ ಕಣ್ಣು ಮುಚ್ಚಿಕೊಳ್ಳುತ್ತಾಳೆ. "ನೋವಾಯ್ತಾ ಅಮ್ಮೀ?" ದಿನಾ ಇದೇ ಪ್ರಶ್ನೆ. ಸೂಜಿ ಚುಚ್ಚಿಕೊಂಡ ಮೇಲೆ ಊಟ ತಡವಾಗಬಾರದು. ಆದರೆ ಚಿಕ್ಕ ಮಗುವಿರುವ ಮನೆಯಲ್ಲಿ ತಾಯಿಯ ಊಟ ತಡವಾಗದ ದಿನ ಯಾವುದು? ಕೈ ನಡುಗಿದರೆ ಅಮ್ಮಿಗೆ ಸಿಹಿ ಬೇಕೆಂದು ಅವಳಿಗೆ ಹೇಳಿಕೊಟ್ಟಿದ್ದೇನೆ.

ಕಳೆದ ರಂಜಾನಿನಲ್ಲಿ ಡಾಕ್ಟರು ಬೇಡವೆಂದರೂ ಉಪವಾಸ ಹಿಡಿದೆ. ಓಣಿಯ ಹೆಂಗಸರೆಲ್ಲ ಹಿಡಿದಿರುವಾಗ ನಾನೊಬ್ಬಳೇ ಉಣ್ಣುವುದೆಂದರೆ ನಾಚಿಕೆ. ಸಹರಿಗೆ ಉಂಡು, ಎಂದಿನಷ್ಟೇ ಇನ್ಸುಲಿನ್ ತೆಗೆದುಕೊಂಡೆ. ಅಸರ್ ಹೊತ್ತಿಗೆ ಮೈ ಬೆವರಿ, ಗೋಡೆಗೊರಗಿ ಕುಸಿದೆ. ಮಗಳು ಇಫ್ತಾರಿಗೆ ಮಾಡಿಟ್ಟಿದ್ದ ಶರಬತ್ತನ್ನು ಲೋಟದಲ್ಲಿ ತಂದಳು. "ಕುಡಿ ಅಮ್ಮೀ, ಅಲ್ಲಾಹ್ ಬಯ್ಯೋದಿಲ್ಲ." ಕುಡಿದೆ. 70ಕ್ಕಿಂತ ಕೆಳಗಿಳಿಯಬಾರದ ಸಕ್ಕರೆ ಆಗ 54 ಇತ್ತು.

ರೋಗಿಗೆ ವಿನಾಯಿತಿಯಿದೆಯೆಂದು ಕುರ್‌ಆನಿನ ಅಲ್ ಬಕರ ಅಧ್ಯಾಯವೇ ಹೇಳುತ್ತದೆ. ವಾಸಿಯಾಗದ ಕಾಯಿಲೆಯಾದರೆ ದಿನಕ್ಕೊಬ್ಬ ಬಡವರಿಗೆ ಊಟ ಕೊಡಬೇಕು, ಅದೇ ಫಿದ್ಯಾ. ಇದನ್ನು ಬೇರೆಯವರಿಗೆ ಎಷ್ಟೋ ಸಲ ಹೇಳಿದವಳು ನಾನೇ. ಅಂದಿನ ನನ್ನ ಉಪವಾಸ ಅಲ್ಲಾಹನಿಗಾಗಿ ಇರಲಿಲ್ಲ; ಓಣಿಯವರ ಬಾಯಿಗೆ ಹೆದರಿ ಹಿಡಿದದ್ದು.

ಈ ವರ್ಷ ಫಿದ್ಯಾ ಕೊಟ್ಟೆ. ಮಧ್ಯಾಹ್ನ ಮಗಳ ಜೊತೆ ಕೂತು ಉಂಡೆ, ಅಡುಗೆಮನೆಯ ಬಾಗಿಲು ಮುಚ್ಚಿಕೊಳ್ಳದೆ.