ರಾವಿ ಇಲ್ಲದ ರಿವಾಯತ್

ನಮ್ಮ ಚಾಚಾ ಕೊಲ್ಲಿ ರಾಷ್ಟ್ರದಲ್ಲಿ ದುಡಿದು ಎಂಬತ್ತರ ದಶಕದ ಕೊನೆಯಲ್ಲಿ ವಾಡಿಗೆ ಮರಳುವಾಗ ಒಂದು ಟೇಪ್ ರೆಕಾರ್ಡರನ್ನೂ ಒಂದು ಚೀಲ ಕ್ಯಾಸೆಟ್‌ಗಳನ್ನೂ ತಂದಿದ್ದರು. ಅವರು ಇಹಲೋಕ ತ್ಯಜಿಸಿ ಕೆಲವು ತಿಂಗಳಾದ ಮೇಲೆ ಅವರ ಪೆಟ್ಟಿಗೆಯನ್ನು ತೆರೆದೆವು. ಒಂದು ಕ್ಯಾಸೆಟ್ಟಿನ ಮೇಲೆ ಅವರದೇ ಕೈಬರಹವಿತ್ತು. ಒಂದು ಬದಿಗೆ ‘ಜರ್ಮನಿಸ್ತಾನ್ – ಕರ್ನಾಟಕ ಕಾಲೇಜು’. ಮತ್ತೊಂದು ಬದಿಗೆ ‘ಅಬ್ಬಾ – ಸೇಡಂ – ಮೊಹರಂ’. ಅಷ್ಟೇ.

ಮೊದಲ ಬದಿಯಲ್ಲಿ ಪಾಶ್ಚಾತ್ಯ ವಾದ್ಯಗಳ ನಡುವೆ ಮೃದಂಗದ ನುಡಿ, ಒಬ್ಬ ಮಹಿಳೆಯ ಕಂಠ. ಎರಡನೆಯ ಬದಿಯಲ್ಲಿ ನಮ್ಮ ದಾದಾ ಕನ್ನಡದಲ್ಲಿ ಕರ್ಬಲಾದ ರಿವಾಯತ್ ಪದ ಹಾಡುತ್ತಿದ್ದರು. ಅವರ ತಂಡ ನಿಲ್ಲಿಸಿದೊಡನೆ ಬೇರೊಂದು ತಂಡ ಎತ್ತಿಕೊಳ್ಳುತ್ತಿತ್ತು. ಎರಡು ಬದಿಗಳಲ್ಲೂ ಇಬ್ಬಿಬ್ಬರು ಕೂಡಿ ನುಡಿಸಿದ್ದರು, ಹಾಡಿದ್ದರು. ಎರಡರಲ್ಲೂ ಜೊತೆಗೂಡಿದವರು ಯಾರೆಂಬುದು ನಮಗೆ ತಿಳಿಯಲಿಲ್ಲ.

ಸಂಗೀತದ ಬಗೆಗೂ ಮೊಹರಂ ಆಚರಣೆಗಳ ಬಗೆಗೂ ವಿದ್ವಾಂಸರಲ್ಲಿ ಇರುವ ಭಿನ್ನಾಭಿಪ್ರಾಯವನ್ನು ನಾವು ಬಲ್ಲೆವು. ಈ ಬರಹ ಅದನ್ನು ತೀರ್ಮಾನಿಸಲು ಹೊರಟಿಲ್ಲ. ನಮ್ಮನ್ನು ಕಾಡಿದ್ದು ಬೇರೆಯೇ ಪ್ರಶ್ನೆ: ಒಬ್ಬರ ಶ್ರಮ ಉಳಿದು ಅವರ ಹೆಸರು ಅಳಿದರೆ, ಆ ಹಕ್ಕಿಗೆ ಹೊಣೆ ಯಾರು?

‘ಕರ್ನಾಟಕ ಕಾಲೇಜು’ ಎಂದೊಡನೆ ನಮಗೆ ನೆನಪಾದದ್ದು 1917ರಲ್ಲಿ ಆರಂಭವಾದ ಧಾರವಾಡದ ಕಾಲೇಜು. ಅಲ್ಲಿ ಓದಿದ್ದ ನೆಂಟರೊಬ್ಬರನ್ನು ಕೇಳಿದೆವು, ಅವರು ನಕ್ಕರು. ಕೊನೆಗೆ ಬೆಂಗಳೂರಿನಲ್ಲಿ ಓದುತ್ತಿದ್ದ ನಮ್ಮ ಮನೆಯ ಹುಡುಗ, ಮೃದಂಗ ಕಲಿಯುತ್ತಿದ್ದ ಸಹಪಾಠಿಗೆ ಅದನ್ನು ಕೇಳಿಸಿದ. ಗಂಟು ಅಲ್ಲಿ ಬಿಚ್ಚಿತು. ಪೂರ್ಣ ಹೆಸರು ‘ಕರ್ನಾಟಕ ಕಾಲೇಜ್ ಆಫ್ ಪರ್ಕಶನ್’. ಚಾಚಾ ಕೊನೆಯ ಎರಡು ಪದಗಳನ್ನು ಬಿಟ್ಟಿದ್ದರು. ಆ ಎರಡು ಪದಗಳು ನಮ್ಮನ್ನು ಧಾರವಾಡದವರೆಗೆ ಅಲೆಸಿದ್ದವು.

ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ 1964ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ತಾಳವಾದ್ಯ ಶಾಲೆ ಅದು. ಅದೇ ಹೆಸರಿನಲ್ಲಿ ಅವರ ತಂಡ ದೇಶವಿದೇಶಗಳಲ್ಲಿ ನುಡಿಸುತ್ತಿತ್ತು. ಹೀಗಾಗಿ ಶಾಲೆಯನ್ನು ಹುಡುಕಿದವರಿಗೆ ತಂಡ ಸಿಗದು, ತಂಡವನ್ನು ಹುಡುಕಿದವರಿಗೆ ಶಾಲೆ ಅಡ್ಡ ಬರುವುದು. ‘ಜರ್ಮನಿಸ್ತಾನ್’ ಎಂಬುದು ಜರ್ಮನಿಯ ‘ಡಿಸಿಡೆಂಟನ್’ ತಂಡವು ಇವರೊಡನೆ ಕೂಡಿ 1982ರಲ್ಲಿ ಹೊರತಂದ ಧ್ವನಿಮುದ್ರಿಕೆ. ಅದೇ ಜರ್ಮನ್ ತಂಡ ಬಳಿಕ ಮೊರೊಕ್ಕೊದ ‘ಲೆಮ್ ಶಾಹೆಬ್’ ತಂಡದೊಡನೆಯೂ ಕೂಡಿ ಹಾಡಿತು. ನಮ್ಮವರು 1983ರಲ್ಲಿ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಅವರೊಡನೆ ‘ಜ್ಯೋತಿ’ ಎಂಬ ಮುದ್ರಿಕೆಯನ್ನು ಮಾಡಿದರು. ಅದರಲ್ಲಿ ಯಾರು ಏನು ನುಡಿಸಿದರೆಂಬುದು ಸ್ಪಷ್ಟವಾಗಿದೆ: ಹಾಡುಗಾರಿಕೆ ಆರ್.ಎ. ರಮಾಮಣಿ, ಮೃದಂಗ ಮಣಿ, ಘಟ ಮತ್ತು ಮೋರ್ಚಿಂಗ್ ಆರ್.ಎ. ರಾಜಗೋಪಾಲ್, ಖಂಜಿರ ಟಿ.ಎನ್. ಶಶಿಕುಮಾರ್. ಸಾವಿರಾರು ಮೈಲಿ ದೂರದಲ್ಲಿ ಮುದ್ರಣವಾದ ಧ್ವನಿಯ ಹಿಂದಿನ ಖಂಜಿರದ ಕೈ ಯಾರದೆಂದು ನಲವತ್ತು ವರ್ಷಗಳ ನಂತರವೂ ಹೇಳಬಹುದು. ಏಕೆಂದರೆ ಆ ಹೊತ್ತಿನಲ್ಲಿ ಒಬ್ಬರು ಅದನ್ನು ಬರೆದಿಟ್ಟಿದ್ದರು.

ಆಗ ನಮಗೆ ನಾಚಿಕೆಯಾಯಿತು. ಜರ್ಮನಿಯ ಸಂಗಾತಿಗಳ ಹೆಸರು ಸಿಕ್ಕಿತು. ನಮ್ಮ ದಾದಾನ ಸಂಗಾತಿಗಳ ಹೆಸರು ನಮಗೆ ಗೊತ್ತಿರಲಿಲ್ಲ. ‘ರಿವಾಯತ್’ ಎಂದರೆ ನಿರೂಪಣೆ, ನಿರೂಪಿಸುವವನು ‘ರಾವಿ’. ಹದೀಸ್ ವಿದ್ವಾಂಸರು ಒಂದು ಮಾತನ್ನು ಸ್ವೀಕರಿಸುವ ಮುನ್ನ ಅದರ ಸನದನ್ನು ಕೇಳಿದರು. ಸಾವಿರಾರು ರಾವಿಗಳ ಹೆಸರು, ಊರು, ಗುರು, ಸ್ವಭಾವಗಳನ್ನು ಬರೆದಿಟ್ಟರು. ಅಂತಹ ಪರಂಪರೆಯ ಮಕ್ಕಳಾದ ನಮ್ಮ ಮನೆಯಲ್ಲಿಯೇ ರಾವಿ ಇಲ್ಲದ ರಿವಾಯತ್ ಉಳಿದಿತ್ತು.

ಹುಡುಕಾಟ ಶಹಾಬಾದಿನಿಂದ ಆರಂಭವಾಯಿತು. ಅಲ್ಲಿರುವ ನಮ್ಮ ಫೂಫಿ ಕಣ್ಣು ಮುಚ್ಚಿ ಕೇಳಿ, ಎರಡನೆಯ ತಂಡದವರು ಚಿಂಚೋಳಿ ಕಡೆಯಿಂದ ಬರುತ್ತಿದ್ದರೆಂದೂ ಅವರಿಗೆ ಊಟ ಬಡಿಸಿದ್ದು ತಮಗೆ ನೆನಪಿದೆಯೆಂದೂ ಹೇಳಿದರು. ಹೆಸರು ಮಾತ್ರ ನೆನಪಾಗಲಿಲ್ಲ. ವಾಡಿಯಿಂದ ಸಿಕಂದರಾಬಾದಿನ ದಾರಿ ಹಿಡಿದು ಮೊದಲು ಚಿತ್ತಾಪುರದಲ್ಲಿ ಇಳಿದೆವು. ಅಲ್ಲಿ ಒಬ್ಬ ನಿವೃತ್ತ ಮಾಸ್ತರರು, ‘ಸೇಡಂದಾಗ ಹಲಗಿ ಬಾರಸ್ತಿದ್ದ ಮುದುಕ ಇನ್ನೂ ಅದಾನ, ಅವನ್ನ ಕೇಳ್ರಿ’ ಎಂದರು. ಮಳಖೇಡ ದಾಟಿ ಸೇಡಂ ತಲುಪಿದೆವು. ಆ ಹಿರಿಯರು ಕ್ಯಾಸೆಟ್ಟಿನ ಧ್ವನಿ ಕೇಳುತ್ತಲೇ ತೊಡೆಯ ಮೇಲೆ ಬೆರಳಾಡಿಸಿದರು. ‘ಆ ಹಲಗಿ ನಂದೇ’ ಎಂದರು. ನಮ್ಮ ಪಟ್ಟಿಯಲ್ಲಿ ಅವರ ಹೆಸರು ಇರಲೇ ಇಲ್ಲ! ಚಿಂಚೋಳಿಯ ಮೂವರಲ್ಲಿ ಇಬ್ಬರ ಹೆಸರನ್ನು ಅವರೇ ಹೇಳಿದರು. ಇಬ್ಬರೂ ತೀರಿಹೋಗಿದ್ದರು.

ಚಿಂಚೋಳಿಗೆ ರೈಲಿಲ್ಲ; ಬಸ್ಸಿನಲ್ಲಿ ಹೋದೆವು. ಮುಖ್ಯ ಹಾಡುಗಾರರು ಒಕ್ಕಲುತನದ ಹಿಂದೂ ಮನೆಯವರು. ಅವರ ಮಗಳಿಗೆ ಈಗ ಅರವತ್ತು ದಾಟಿದೆ. ಬಾಗಿಲಲ್ಲೇ ನಿಂತು ಕೇಳಿದವರು, ಎರಡನೆಯ ಪದಕ್ಕೆ ಅಲ್ಲಿಯೇ ಕುಳಿತುಬಿಟ್ಟರು. ‘ನಮ್ಮಪ್ಪಂದು ಒಂದು ಫೋಟೋ ಸೈತ ಇಲ್ರಿ. ದನಿ ಮರ್ತೇ ಹೋಗಿತ್ತು’ ಎಂದರು. ನಮ್ಮ ದಾದಾನ ಧ್ವನಿ ಬಂದಾಗ ಅವರು, ‘ಇವರು ಯಾರ್ರಿ?’ ಎಂದು ಕೇಳಿದರು. ಅಷ್ಟು ದಿನ ನಾವು ಕೇಳುತ್ತಿದ್ದ ಪ್ರಶ್ನೆಯನ್ನೇ ಅವರೂ ಕೇಳಿದ್ದರು. ಅವರ ಪಾಲಿಗೆ ಹೆಸರಿಲ್ಲದ ಸಂಗಾತಿ ನಮ್ಮ ದಾದಾ.

ನಾವು ಹೆಸರು ಹೇಳಿದೆವು. ಅವರು ಮೊಮ್ಮಗನಿಂದ ಅದನ್ನು ಕಾಗದದ ಮೇಲೆ ಬರೆಸಿಕೊಂಡರು.

ಈಗ ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಎರಡು ಬದಿಗಳ ಹೆಸರುಗಳನ್ನೂ ಪೂರ್ತಿಯಾಗಿ ಬರೆದಿದ್ದೇವೆ. ಚಿಂಚೋಳಿಯ ಮೂರನೆಯವರ ಹೆಸರಿನ ಜಾಗ ಖಾಲಿಯಾಗಿಯೇ ಇದೆ. ಸೇಡಂನ ಹಿರಿಯರು ‘ನೆನಪಾದ್ರ ಹೇಳಿ ಕಳಸ್ತೀನಿ’ ಎಂದಿದ್ದರು. ಕಳೆದ ಚಳಿಗಾಲದಲ್ಲಿ ಅವರೂ ಹೋದರು.

ಓದುಗ ಬಂಧುಗಳೇ, ನಿಮ್ಮ ಮನೆಯ ಕಪಾಟಿನಲ್ಲಿಯೂ ಇಂತಹ ಕ್ಯಾಸೆಟ್ ಇರಬಹುದು. ನಿಮ್ಮ ಮೊಬೈಲಿನಲ್ಲಿ ಹಿರಿಯರ ಧ್ವನಿ ಇರಬಹುದು. ಜೊತೆಯಲ್ಲಿ ಇದ್ದವರು ಯಾರು, ಹಲಗಿ ಯಾರದು, ಯಾವ ಊರು, ಯಾವ ವರ್ಷ ಎಂಬುದನ್ನು ಬಲ್ಲವರು ಬದುಕಿರುವಾಗಲೇ ಕೇಳಿ ಬರೆದಿಡಿರಿ. ಧ್ವನಿ ನಮ್ಮ ಬಳಿ ಉಳಿದಿದೆಯೆಂದರೆ ಅದು ಅಮಾನತ್ತು. ಹೆಸರಿಲ್ಲದೆ ಅದನ್ನು ಮುಂದಿನವರಿಗೆ ದಾಟಿಸಿದರೆ ಅಮಾನತ್ತು ಅರ್ಧವೇ ಸಂದಂತಾಗುವುದು. ಅದನ್ನು ಪೂರ್ಣವಾಗಿ ಸಲ್ಲಿಸುವ ತೌಫೀಕನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ.